ಗೆರಸಿಯಲ್ಲಿ ಬಿಚ್ಚಿಟ್ಟ ಎಂಜಿನ್

ಸೀಮೆಎಣ್ಣೆಯ ಪಂಪು ಸ್ಟವ್ವಿಗೆ ಪಿನ್ನು ಹಾಕಿದ ನೆನಪು ನಿಮಗಿದೆಯೇ? ನನ್ನ ವಯಸ್ಸಿನವರಾದರೆ ಖಂಡಿತ ಇರುತ್ತದೆ. ಒಗ್ಗರಣೆಗೆ ಸಾಸಿವೆ ಹಾಕಿದ ಹೊತ್ತಿಗೇ ಉರಿ ಕೆಂಪಗಾಗಿ ಹೊಗೆ ಬರತೊಡಗುವುದು, ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ತಗಡಿನ ಪಿನ್ನನ್ನು ಹುಡುಕಿ ಆ ಸಣ್ಣ ತೂತಿಗೆ ಚುಚ್ಚುವುದು, ಮತ್ತೆ ಗಾಳಿ ಹಾಕಿ ಹೊತ್ತಿಸಿದರೆ ಭರ್ರೆಂದು ನೀಲಿ ಉರಿ! ಅದನ್ನು ಯಾರೂ ವಿದ್ಯೆ ಎಂದು ಕರೆಯಲಿಲ್ಲ. ಅಡುಗೆಮನೆಯ ನೂರೆಂಟು ಕಿರಿಕಿರಿಗಳಲ್ಲಿ ಅದೂ ಒಂದು ಎಂದು ನಾವೇ ಅಂದುಕೊಂಡೆವು.

ಈಗ ಒಂದು ಮಾತು ಹೇಳುತ್ತೇನೆ, ನಗಬೇಡಿ. ಆ ತೂತಿನ ಹೆಸರು ಜೆಟ್. ಎಂಜಿನ್ನಿನ ಕಾರ್ಬುರೇಟರಿನೊಳಗೂ ಅಂಥದೇ ಒಂದು ಜೆಟ್ ಇರುತ್ತದೆ. ಎಣ್ಣೆಯನ್ನು ಸಣ್ಣಗೆ ಹಾಯಿಸಿ ಗಾಳಿಯೊಡನೆ ಬೆರೆಯಲು ಬಿಡುವುದೇ ಎರಡರ ಕೆಲಸವೂ. ಅಂದಮೇಲೆ ಸ್ಟವ್ ರಿಪೇರಿ ಮಾಡಿದ ಹೆಂಗಸು ಎಂಜಿನ್ ರಿಪೇರಿಯ ಬಾಗಿಲ ತನಕ ಹೋಗಿ ಬಂದವಳೇ. ಹೊಸಿಲು ದಾಟಲಿಲ್ಲ, ಅಷ್ಟೆ. ನಾನು ಆ ಹೊಸಿಲು ದಾಟಿದ್ದು ಹೈಸ್ಕೂಲಿನಲ್ಲಿ. ದಾಟಿಯೂ ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆ ಕಥೆಯನ್ನೇ ನಿಮಗೆ ಹೇಳಬೇಕೆಂದು ಇವತ್ತು ಪೆನ್ನು ಹಿಡಿದಿದ್ದೇನೆ.

ನಮ್ಮದು ಯಾಣದ ಹತ್ತಿರದ ಒಂದು ಅಡಿಕೆ ತೋಟದ ಮನೆ. ಯಾಣ ಎಂದರೆ ನಿಮಗೆ ನೆನಪಾಗುವುದು ಆ ಕಪ್ಪು ಬಂಡೆಗಳು, 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಶಿವರಾತ್ರಿಯ ಜಾತ್ರೆ. ನಮಗಾದರೋ ಯಾಣ ಎಂದರೆ ಮಳೆ, ಜಿಗಣೆ, ಏರು ದಾರಿ. ಕುಮಟೆಗೆ ಸುಮಾರು 25 ಕಿಲೋಮೀಟರ್. ಇವತ್ತಿಗೆ ಅದು ದೊಡ್ಡ ದೂರವಲ್ಲ. ಆದರೆ ನಾನು ಮದುವೆಯಾಗಿ ಬಂದ 1992ರಲ್ಲಿ ಪಂಪಿನ ಎಂಜಿನ್ ಕೆಟ್ಟರೆ ಅದನ್ನು ಕಂಬಳಿಯಲ್ಲಿ ಸುತ್ತಿ, ಇಬ್ಬರು ಹೊತ್ತು, ಬಸ್ಸು ಸಿಗುವಲ್ಲಿಗೆ ಸಾಗಿಸಿ, ಕುಮಟೆಯ ಮೆಕ್ಯಾನಿಕ್ಕನ ಎದುರು ಇಟ್ಟು, "ನಾಳೆ ಬನ್ನಿ" ಎನ್ನಿಸಿಕೊಂಡು ಬರಬೇಕಿತ್ತು. ನಾಳೆ ಎಂಬುದು ಎಷ್ಟೋ ಸಲ ಮುಂದಿನ ವಾರವೂ ಆಗುತ್ತಿತ್ತು.

ಕಥೆ ಶುರುವಾಗುವುದು ಅದಕ್ಕಿಂತ ಹಿಂದೆ, 1985ರಲ್ಲಿ. ನಾನಾಗ ಒಂಬತ್ತನೇ ಇಯತ್ತೆ. ವಾರಕ್ಕೆ ಎರಡು ಪೀರಿಯಡ್ ಕಾರ್ಯಾನುಭವ ಎಂದು ಇರುತ್ತಿತ್ತು, ನಿಮಗೂ ನೆನಪಿರಬಹುದು. ಪುಸ್ತಕದ ಓದಿನ ಜೊತೆ ಕೈಕೆಲಸವೂ ಇರಬೇಕೆಂದು ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಹೇಳಿದ್ದರು. ಆಮೇಲೆ 1964-66ರ ಕೊಠಾರಿ ಆಯೋಗ ಅದನ್ನು ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದನಾ ಕಾರ್ಯ ಎಂಬ ಉದ್ದನೆಯ ಹೆಸರು ಕೊಟ್ಟಿತು. ಹೆಸರು ಏನೇ ಇರಲಿ, ನಮ್ಮ ಶಾಲೆಯಲ್ಲಿ ಅದರ ಅರ್ಥ ಇಷ್ಟೇ: ಗಂಡುಮಕ್ಕಳು ಹಿಂದಿನ ಶೆಡ್ಡಿಗೆ, ಹೆಣ್ಣುಮಕ್ಕಳು ಹೊಲಿಗೆ ಕೋಣೆಗೆ.

ಶೆಡ್ಡಿನಲ್ಲಿ ಯಾರೋ ರೈತರು ಕೊಟ್ಟ ಒಂದು ಹಳೆಯ ಪಂಪ್‌ಸೆಟ್ಟಿನ ಎಂಜಿನ್ ಇತ್ತು. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದು. ಅದರ ಟಕ ಟಕ ಸದ್ದು ಹೊಲಿಗೆ ಕೋಣೆಗೂ ಕೇಳುತ್ತಿತ್ತು. ನಾನು ಗುಂಡಿಮನೆ ಹೊಲಿಯುತ್ತ ಕಿವಿಯನ್ನು ಆ ಕಡೆಗೇ ಇಟ್ಟಿರುತ್ತಿದ್ದೆ. ಒಮ್ಮೊಮ್ಮೆ ಸದ್ದು ಗುಟುರು ಹಾಕಿ ನಿಂತುಬಿಡುವುದು. ಯಾಕೆ ನಿಂತಿತು? ಯಾರಲ್ಲಿ ಕೇಳಲಿ?

ಅದೃಷ್ಟ ಬಂದದ್ದು ಬಾಣಂತನದ ರೂಪದಲ್ಲಿ! ಹೊಲಿಗೆಯ ಅಕ್ಕೋರು ಮೂರು ತಿಂಗಳು ರಜೆ ಹಾಕಿದರು. ಬದಲಿಗೆ ಯಾರೂ ಬರಲಿಲ್ಲ. ಹನ್ನೆರಡು ಹುಡುಗಿಯರನ್ನು ಸುಮ್ಮನೆ ಎಲ್ಲಿ ಕೂರಿಸುವುದು? "ಶೆಡ್ಡಿನಲ್ಲಿ ಹಿಂದೆ ನಿಂತು ನೋಡ್ಲಿ" ಎಂದು ಅಪ್ಪಣೆಯಾಯಿತು. ಮೊದಲ ವಾರ ಹಿಂದೆಯೇ ನಿಂತೆವು. ಎರಡನೇ ವಾರ ಒಂದು ಸಣ್ಣ ಸ್ಪ್ರಿಂಗ್ ಎಂಜಿನ್ನಿನ ಸಂದಿಗೆ ಬಿತ್ತು. ಹುಡುಗರ ದಪ್ಪ ಬೆರಳು ಹೋಗಲಿಲ್ಲ. ಮಾಸ್ತರರು ಕತ್ತೆತ್ತಿ, "ಬೆರಳು ಸಣ್ಣದಿದ್ದವರು ಯಾರಿದ್ದೀರಿ, ಬನ್ನಿ ಮುಂದೆ" ಎಂದರು. ಮಲ್ಲಿಗೆ ದಂಡೆ ಕಟ್ಟಿ ಪಳಗಿದ ಕೈ ನನ್ನದು. ಸ್ಪ್ರಿಂಗ್ ತೆಗೆದುಕೊಟ್ಟೆ. ಅಂದಿನಿಂದ ಮುಂದಿನ ಸಾಲು ನನ್ನದಾಯಿತು.

ಆ ಮೂರು ತಿಂಗಳಲ್ಲಿ ಕಲಿತದ್ದು ಬಹಳವೇನಲ್ಲ. ಆದರೆ ಕಲಿತದ್ದೆಲ್ಲ ಕೈಯಲ್ಲಿ ಉಳಿದಿದೆ. ಮಾಸ್ತರರು ಎಂಜಿನ್ನನ್ನು ಉಸಿರಾಟಕ್ಕೆ ಹೋಲಿಸುತ್ತಿದ್ದರು. ಪಿಸ್ಟನ್ ಕೆಳಗಿಳಿದಾಗ ಗಾಳಿ, ಎಣ್ಣೆಯ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಮೇಲೇರಿದಾಗ ಅದನ್ನು ಒತ್ತುತ್ತದೆ. ಆಗ ಪ್ಲಗ್ಗಿನ ಕಿಡಿ ಹಾರಿ ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ಮತ್ತೆ ಮೇಲೇರುವಾಗ ಹೊಗೆಯನ್ನು ಹೊರಗೆ ಹಾಕುತ್ತದೆ. ಎಳೆ, ಒತ್ತು, ಉರಿ, ಬಿಡು. ನಾಲ್ಕು ಹೆಜ್ಜೆಯ ಕೋಲಾಟ ಎಂದುಕೊಳ್ಳಿ. ಎಂಜಿನ್ ನಿಂತಿತೆಂದರೆ ಈ ನಾಲ್ಕರಲ್ಲಿ ಎಲ್ಲೋ ತಾಳ ತಪ್ಪಿದೆ. ಹುಡುಕುವುದಕ್ಕೂ ಒಂದು ಕ್ರಮವಿದೆ: ಮೊದಲು ಎಣ್ಣೆ ಬರುತ್ತಿದೆಯೇ ನೋಡು, ಆಮೇಲೆ ಕಿಡಿ, ಆಮೇಲೆ ಗಾಳಿ, ಕೊನೆಗೆ ಒತ್ತಡ. "ಗಾಬರಿಯಲ್ಲಿ ಎಲ್ಲಾ ಒಟ್ಟಿಗೆ ಬಿಚ್ಚಿದವ ಮೆಕ್ಯಾನಿಕ್ ಅಲ್ಲ, ಮಂಗ" ಎನ್ನುತ್ತಿದ್ದರು. ಇನ್ನೊಂದು ಮಾತನ್ನೂ ಪದೇ ಪದೇ ಹೇಳುತ್ತಿದ್ದರು: "ಜೆಟ್ಟಿಗೆ ಸ್ಟವ್ ಪಿನ್ ಹಾಕಬೇಡಿ. ಹಿತ್ತಾಳೆ ಮೆತ್ತಗಿನ ಲೋಹ. ತೂತು ದೊಡ್ಡದಾದರೆ ಎಂಜಿನ್ ಎಣ್ಣೆ ಕುಡಿಯಲು ಶುರುಮಾಡ್ತದೆ. ಗಾಳಿ ಊದಿ."

ನಾನು ಎಲ್ಲವನ್ನೂ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಚಿತ್ರಸಹಿತ ಬರೆದಿಟ್ಟೆ. ಅಕ್ಕೋರು ಕೂಸು ಹೆತ್ತು ವಾಪಸು ಬಂದರು. ನಾವು ಮತ್ತೆ ಗುಂಡಿಮನೆಗೆ ಹೋದೆವು. ನನಗೆ ಶೆಡ್ಡಿನಲ್ಲೇ ಇರುವ ಆಸೆ. ಮನೆಯಲ್ಲಿ ಕೇಳಿದೆ. ಅಮ್ಮ ಒಂದೇ ಮಾತು ಹೇಳಿದಳು: "ಉಗುರಿನಲ್ಲಿ ಮಸಿ ಇಟ್ಕಂಡವಳನ್ನ ನೋಡೂಕೆ ಯಾರು ಬರ್ತಾರೆ?" ಅಮ್ಮನನ್ನು ನಾನು ಇಂದಿಗೂ ದೂರುವುದಿಲ್ಲ. ಅವಳ ಹೆದರಿಕೆ ಅವಳ ಕಾಲದ್ದು. ನೋಟ್‌ಬುಕ್ಕನ್ನು ಮಾತ್ರ ಬಿಸಾಡಲಿಲ್ಲ. ಉಳಿದ ಹಾಳೆಗಳಲ್ಲಿ ಹಿಂದಿನಿಂದ ಅಡುಗೆ ಬರೆಯತೊಡಗಿದೆ. ಅಪ್ಪೆಹುಳಿ, ಒಂದೆಲಗದ ತಂಬುಳಿ, ಹಲಸಿನ ಹಣ್ಣಿನ ಕಡುಬು. ಮದುವೆಯಾಗಿ ಬರುವಾಗ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಅದೂ ಬಂತು. ಅತ್ತೆಯವರಿಗೆ ಆ ಪುಸ್ತಕದ ಹಿಂದಿನ ಅರ್ಧ ಮಾತ್ರ ಗೊತ್ತಿತ್ತು.

ಹನ್ನೊಂದು ವರ್ಷ ಹೀಗೇ ಕಳೆಯಿತು. ಎಂಜಿನ್ ಎಷ್ಟು ಸಲ ಕೆಟ್ಟಿತೋ! ಎಷ್ಟೋ ಸಲ ಅದರ ಕೆಮ್ಮು ಕೇಳಿಯೇ ನನಗೆ ಗೊತ್ತಾಗುತ್ತಿತ್ತು, ಇದು ಪ್ಲಗ್ಗು ಕರಿಕಟ್ಟಿದ ಸದ್ದು, ಇದು ನೀರು ಸೇರಿದ ಸದ್ದು ಎಂದು. ಆದರೂ ಒಳಗಿನಿಂದ ಚಹಾ ತಂದುಕೊಟ್ಟು ಸುಮ್ಮನಾಗುತ್ತಿದ್ದೆ. ಇವರು ಎಂಜಿನ್ ಹೊರಿಸಿಕೊಂಡು ಕುಮಟೆಗೆ ಹೋಗುತ್ತಿದ್ದರು. ಒಂದು ದಿನದ ಕೆಲಸ, ಇಬ್ಬರ ಕೂಲಿ, ಬಸ್ ಚಾರ್ಜು, ರಿಪೇರಿ ಖರ್ಚು. ಯಾರೂ ನನ್ನನ್ನು ತಡೆದಿರಲಿಲ್ಲ, ಏಕೆಂದರೆ ನಾನು ಕೇಳಿಯೇ ಇರಲಿಲ್ಲ. ಬೇಡ ಎನ್ನಿಸಿಕೊಳ್ಳುವುದಕ್ಕಿಂತ ಮೊದಲೇ ನಾವು ಬೇಡ ಎಂದುಕೊಂಡುಬಿಡುತ್ತೇವಲ್ಲ, ಆ ರೋಗ ನನಗೂ ಇತ್ತು. ನಿಮಗೂ ಸ್ವಲ್ಪ ಇದ್ದೀತು.

2003ರ ಜುಲೈ. ಅಡಿಕೆಗೆ ಕೊಳೆರೋಗ ತಾಗದಂತೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುವುದು ತೋಟದವರಿಗೆಲ್ಲ ಗೊತ್ತು. ಮಳೆ ಹಿಡಿಯುವ ಹೊತ್ತಿಗೆ ಮೊದಲ ಸಲ, ಮತ್ತೆ 40-45 ದಿನಕ್ಕೆ ಎರಡನೇ ಸಲ. ಎರಡನೆಯದರ ಸಮಯ ದಾಟುತ್ತಿತ್ತು, ಮಳೆ ಬಿಡುತ್ತಿರಲಿಲ್ಲ. ಇವರು ಜ್ವರದಿಂದ ಮಲಗಿ ಎಂಟು ದಿನವಾಗಿತ್ತು. ಮಾವನವರು ತೀರಿಕೊಂಡು ಎರಡು ವರ್ಷ. ತೋಟದಲ್ಲಿ ಆಗಲೇ ನಾಲ್ಕಾರು ಮರದ ಬುಡದಲ್ಲಿ ಕೊಳೆತ ಮಿಳ್ಳೆ ಬಿದ್ದಿದ್ದವು. ವರ್ಷದ ಅನ್ನ ಅದು. ಸಾಲ, ಮಕ್ಕಳ ಶಾಲೆ, ಆಸ್ಪತ್ರೆಯ ಖರ್ಚು ಎಲ್ಲದಕ್ಕೂ ಆ ಗೊನೆಗಳೇ ಗತಿ.

ಅಂತೂ ಒಂದು ಬೆಳಿಗ್ಗೆ ಹೊಳವಾಯಿತು. ಕೊನೆಗೌಡ ಬಂದ. "ಇವತ್ತೊಂದೇ ದಿನ ಅಮ್ಮಾ, ನಾಳೆ ಬೇರೆಯವರ ತೋಟ" ಎಂದ. ನಾನೂ ಅತ್ತೆಯೂ ಎರಡು ಡ್ರಮ್ಮು ದ್ರಾವಣ ಮಾಡಿದೆವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು, ಮಸೆದ ಕತ್ತಿಯ ಅಲಗನ್ನು ಅದ್ದಿ ತಾಮ್ರದ ಬಣ್ಣ ಹತ್ತುವುದಿಲ್ಲ ಎಂದು ನೋಡಿಕೊಂಡೆವು. ಈ ದ್ರಾವಣ ಮಾಡಿದ ದಿನವೇ ಖರ್ಚಾಗಬೇಕು. ಮರುದಿನಕ್ಕೆ ಅದರ ಸತ್ವ ಹೋಯಿತೆಂದೇ ಲೆಕ್ಕ.

ಇಪ್ಪತ್ತು ಮರ ಆಗಿರಬಹುದು. ಸ್ಪ್ರೇ ಪಂಪಿನ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಹಗ್ಗ ಎಳೆದ, ಎಳೆದ, ಕೊನೆಗೌಡನ ರಟ್ಟೆ ಸೋತಿತು. "ಸತ್ತೇ ಹೋಯ್ತು ಇದು" ಎಂದು ಮರದ ಬುಡದಲ್ಲಿ ಕೂತು ಕವಳದ ಚೀಲ ಬಿಚ್ಚಿದ. ಫೋನು ಮಳೆಗೆ ಸತ್ತು ವಾರವಾಗಿತ್ತು. ಅತ್ತೆ ಆಕಾಶ ನೋಡಿದರು. ಪಶ್ಚಿಮದಲ್ಲಿ ಕಪ್ಪು ಏರುತ್ತಿತ್ತು.

ನಾನು ಸೀರೆಯ ಸೆರಗು ಸಿಕ್ಕಿಸಿದೆ. ಧೈರ್ಯ ಬಂದದ್ದರಿಂದಲ್ಲ, ಬೇರೆ ದಾರಿ ಇರಲಿಲ್ಲ ಅದಕ್ಕೆ. "ಪಾನಾ ಎಲ್ಲಿದೆ?" ಎಂದು ಕೇಳಿದಾಗ ನನ್ನ ಸ್ವರ ನನಗೇ ಅಪರಿಚಿತವಾಗಿತ್ತು.

ಎಣ್ಣೆ ಇತ್ತು. ಪ್ಲಗ್ ಬಿಚ್ಚಿದೆ, ಕಾಡಿಗೆಯಂತೆ ಕಪ್ಪು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ, ಆಮೇಲೆ ಪಾಲಿಶ್ ಕಾಗದದಿಂದ ಉಜ್ಜಿದೆ. ಕಿಡಿ ಹಾರುವ ಸಂದು ಹ್ಯಾಕ್‌ಸಾ ಬ್ಲೇಡಿನ ದಪ್ಪದಷ್ಟಿರಲಿ ಎಂದು ಮಾಸ್ತರರು ಹೇಳಿದ್ದು ನೆನಪಿತ್ತು. ಸರಿಮಾಡಿ, ಪೆಟ್ರೋಲಿನ ಡಬ್ಬ ದೂರ ಇಡಿಸಿ, ಪ್ಲಗ್ಗಿನ ಲೋಹವನ್ನು ಎಂಜಿನ್ನಿಗೆ ತಾಗಿಸಿ ಹಗ್ಗ ಎಳೆಸಿದೆ. ನೀಲಿ ಕಿಡಿ ಟಕ್ಕೆಂದಿತು. ಕಿಡಿ ಇದೆ! ಕೂರಿಸಿ ಎಳೆದರೆ, ಇಲ್ಲ, ಎಂಜಿನ್ ಮಾತಾಡಲಿಲ್ಲ. ಹಾಗಾದರೆ ಉಳಿದದ್ದು ಕಾರ್ಬುರೇಟರ್.

"ಕೂಸೇ, ಎಂತ ಮಾಡ್ತೆ ಅದನ್ನ?" ಎಂದರು ಅತ್ತೆ. ಬಿಚ್ಚಿದ ಸ್ಕ್ರೂಗಳನ್ನು ನೆಲದ ಮೇಲೆ ಇಡಲು ಹೊರಟಿದ್ದೆ. ಅವರು ಮತ್ತೇನೂ ಕೇಳದೆ ಒಳಗೆ ಹೋಗಿ ಅಕ್ಕಿ ಕೇರುವ ಗೆರಸಿ ತಂದರು. ಅದರ ಮೇಲೆ ಮಾವನವರ ಹಳೆಯ ಬಿಳಿ ಪಂಚೆಯ ತುಂಡು ಹಾಸಿ, "ಇದರಲ್ಲಿ ಇಡು, ಕಳೆದು ಹೋದರೆ ಕಷ್ಟ" ಎಂದರು. ಹನಿ ಬೀಳತೊಡಗಿತ್ತು. ನನ್ನ ತಲೆಗಲ್ಲ, ಗೆರಸಿಗೆ ಕೊಡೆ ಹಿಡಿದು ನಿಂತರು.

ಕಾರ್ಬುರೇಟರಿನ ಬಟ್ಟಲು ಬಿಚ್ಚಿದರೆ ತಳದಲ್ಲಿ ನೀರಿನ ಗುಳ್ಳೆಗಳು, ಕೆಂಪು ಗಸಿ. ಸೀಮೆಎಣ್ಣೆಯ ಕ್ಯಾನು ಮಾಡಿನ ನೀರು ಬೀಳುವ ಕಡೆ ಮುಚ್ಚಳ ಸಡಿಲವಾಗಿ ಇತ್ತು. ಅಲ್ಲಿ ಇಟ್ಟವಳು ನಾನೇ! ತೊಳೆದೆ. ಜೆಟ್ ಬೆಳಕಿಗೆ ಹಿಡಿದರೆ ತೂತು ಕಾಣಲಿಲ್ಲ. ಕೈ ತಾನಾಗಿ ಪಿನ್ನು ಹುಡುಕಿತು. ಮಾಸ್ತರರ ಮಾತು ಕೈ ಹಿಡಿದು ನಿಲ್ಲಿಸಿತು. ಮಗನ ಸೈಕಲ್ ಪಂಪು ತರಿಸಿ ಗಾಳಿ ಊದಿದೆ. ಮೂರನೇ ಸಲಕ್ಕೆ ಸೂಜಿಮೊನೆಯಷ್ಟು ಬೆಳಕು ಕಂಡಿತು. ಆ ಬೆಳಕಿನ ಚುಕ್ಕಿಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ತೆಗೆದ ಕ್ರಮಕ್ಕೆ ತಿರುಗಾ ಜೋಡಿಸಿದೆ. ಟ್ಯಾಂಕಿನ ಎಣ್ಣೆ ಚೆಲ್ಲಿ, ಹೊಸದನ್ನು ಬಟ್ಟೆಯಲ್ಲಿ ಸೋಸಿ ಹಾಕಿದೆ. ಮೊದಲು ಪೆಟ್ರೋಲಿನಲ್ಲಿ ಹಗ್ಗ ಎಳೆದದ್ದು. ಒಂದು, ಎರಡು. ಮೂರಕ್ಕೆ ಟಕ ಟಕ ಟಕ! ಬಿಸಿಯಾದ ಮೇಲೆ ನಲ್ಲಿಯನ್ನು ಸೀಮೆಎಣ್ಣೆಗೆ ತಿರುಗಿಸಿದೆ. ಖುಷಿಯಲ್ಲಿ ಎಡಗೈಯನ್ನು ಸೈಲೆನ್ಸರಿನ ಮೇಲೆ ಊರಿಬಿಟ್ಟೆ. ಆ ಕಲೆ ಇನ್ನೂ ಇದೆ, ಬಳೆಯ ಮೇಲೆ, ಬೆರಳುದ್ದ. ಹನಿ ನಾಲ್ಕು ಬಿದ್ದು ನಿಂತಿತು. ಸಂಜೆಯೊಳಗೆ ಎರಡೂ ಡ್ರಮ್ಮು ಖಾಲಿ.

ರಾತ್ರಿ ಅತ್ತೆ ಕೈಗೆ ಲೋಳೆಸರ ಹಚ್ಚುತ್ತ, "ಇದನ್ನು ಹೊರಗೆ ಎಲ್ಲೂ ಹೇಳೂದು ಬೇಡ" ಎಂದರು. ನನಗೆ ಉರಿದದ್ದು ಸುಟ್ಟ ಗಾಯಕ್ಕಿಂತ ಆ ಮಾತು. ಆದರೆ ಹೇಳುವ ಕೆಲಸವನ್ನು ಕೊನೆಗೌಡ ಮರುದಿನವೇ ಮುಗಿಸಿದ್ದ. ವಾರದೊಳಗೆ ಕೆಳಗಿನ ಮನೆಯವರು ತಮ್ಮ ಪಂಪು ಹೊರಿಸಿಕೊಂಡು ಬಂದರು. ನಾನು ಅಡುಗೆಮನೆಯಿಂದ ಹೊರಗೆ ಬರಲು ಅಳುಕುತ್ತಿದ್ದೆ. ಅತ್ತೆ ಜಗಲಿಯಲ್ಲಿ ಗೆರಸಿ ಹಾಸಿ, "ಕೂಸೇ, ಬಾ" ಎಂದು ಕರೆದರು. ಬಂದವರೆದುರು ಹೇಳಿದ ಮಾತು ಇದು: "ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ ಅಂತಾರಲ್ಲ, ನಮ್ಮ ಮನೆಗೆ ಸೊಕ್ಕಿದ್ದವಳೇ ಸೊಸೆಯಾಗಿ ಬಂದಿದ್ದಾಳೆ." ಎಲ್ಲರೂ ನಕ್ಕರು, ನಾನೂ ನಕ್ಕೆ. ಇವರು ಎದ್ದು ಓಡಾಡುವಂತಾದ ಮೇಲೆ ಆ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರು. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಸರಿಯಾದ ಉತ್ತರವಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಮೊನ್ನೆ ನನ್ನ ಮೈದುನನ ಹೆಂಡತಿ ಫೋನು ಮಾಡಿದ್ದಳು. ಅವಳ ಮಗಳಿಗೆ ಒಂಬತ್ತನೇ ತರಗತಿ. ನಮ್ಮ ರಾಜ್ಯದ ಕೆಲವು ಸರಕಾರಿ ಪ್ರೌಢಶಾಲೆಗಳಲ್ಲಿ ಈಗ ತೃತೀಯ ಭಾಷೆಯ ಬದಲಿಗೆ ವೃತ್ತಿಶಿಕ್ಷಣದ ಒಂದು ವಿಷಯ ತೆಗೆದುಕೊಳ್ಳಬಹುದು. ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ಬ್ಯೂಟಿ ಅಂಡ್ ವೆಲ್‌ನೆಸ್ ಹೀಗೆ. ಎಲ್ಲ ಶಾಲೆಯಲ್ಲೂ ಎಲ್ಲವೂ ಇರುವುದಿಲ್ಲ. ಅವಳ ಶಾಲೆಯಲ್ಲಿ ಎರಡಿವೆ. "ಹುಡುಗಿ ಆಟೊಮೊಬೈಲ್ ಅಂತಾಳೆ ಅಕ್ಕ, ಬ್ಯೂಟಿಯದ್ದೇ ಚೆಂದ ಅಲ್ಲವಾ, ನೀನಾದ್ರೂ ಹೇಳು" ಎಂದಳು.

ನಾನು ಹೇಳಿದ್ದು: ಎರಡೂ ಚೆಂದವೇ. ತಲೆ ಬಾಚಿ ಹೊಟ್ಟೆ ಹೊರೆಯುವುದು ಕೀಳಲ್ಲ, ಎಂಜಿನ್ ಬಿಚ್ಚುವುದು ಮೇಲೂ ಅಲ್ಲ. ಆದರೆ ಹುಡುಗಿ ಬಾಯಿಬಿಟ್ಟು ಕೇಳಿದ್ದಾಳೆ. ನನಗೆ ಎರಡನೇ ಸಲ ಕೇಳಲು ಹನ್ನೊಂದು ವರ್ಷವಾದರೂ ಬಾಯಿ ಬರಲಿಲ್ಲ. ಕೇಳಿದ ಹುಡುಗಿಗೆ ಬೇಡ ಎನ್ನಬೇಡ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಉಗುರಿನ ಮಸಿ ಯಾವುದರಲ್ಲಿ ಹೋಗ್ತದೆ ಅಕ್ಕ?" ಎಂದು ಕೇಳಿದಳು. ತೆಂಗಿನೆಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೀಗೆಪುಡಿಯಲ್ಲಿ ತೊಳೆಯಲು ಹೇಳಿದೆ. ನೀವೂ ಮಾಡಿ ನೋಡಿ, ಚೆನ್ನಾಗಿ ಹೋಗುತ್ತದೆ.

ಈಗ ಮನೆಮನೆಯಲ್ಲೂ ಹುಲ್ಲು ಕತ್ತರಿಸುವ ಯಂತ್ರವೋ, ಸಣ್ಣ ಪಂಪೋ, ಸ್ಕೂಟರೋ ಇದ್ದೇ ಇದೆ. ಅದಕ್ಕಾಗಿ ಅನುಭವದ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಬಿಸಿ ಎಂಜಿನ್ನಿಗೆ ಎಂದೂ ಪೆಟ್ರೋಲ್ ಹೊಯ್ಯಬೇಡಿ. ಆರಲು ಬಿಡಿ. ಬ್ಲೇಡು ಮುಟ್ಟುವ ಮೊದಲು ಪ್ಲಗ್ಗಿನ ಟೋಪಿ ಕಿತ್ತಿಡಿ, ಅಕಸ್ಮಾತ್ ತಿರುಗೀತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬೇಡಿ. ಅದರ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ, ಆದರೆ ಪ್ರಾಣ ತೆಗೆಯುತ್ತದೆ.

ಹುಲ್ಲು ಕತ್ತರಿಸುವ ಟೂ ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಲೇಬೇಕು. 50ಕ್ಕೆ 1 ಎಂದು ಪುಸ್ತಕದಲ್ಲಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಮಗುವಿಗೆ ಔಷಧ ಅಳೆಯುವಂತೆ ಅಳೆಯಿರಿ. ಕಣ್ಣಂದಾಜು ಸಾರಿಗೆ ಸರಿ, ಇದಕ್ಕಲ್ಲ.

ಪ್ಲಗ್ಗಿನ ತುದಿ ಮಾರಿ ಬಿಸ್ಕತ್ತಿನ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪು ಮಸಿ ಇದ್ದರೆ ಎಣ್ಣೆ ಹೆಚ್ಚು ಅಥವಾ ಗಾಳಿ ಕಡಿಮೆ, ಫಿಲ್ಟರ್ ನೋಡಿ. ಸ್ಪಂಜಿನ ಫಿಲ್ಟರನ್ನು ಸೋಪಿನ ನೀರಿನಲ್ಲಿ ಹಿಂಡದೆ ಅದುಮಿ ತೊಳೆದು, ನೆರಳಲ್ಲಿ ಒಣಗಿಸಬಹುದು.

ಕೆಲಸದ ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವ ತನಕ ಓಡಿಸಿ ನಿಲ್ಲಿಸಿ. ಇತ್ತೀಚಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ನಮ್ಮ ಕರಾವಳಿಯ ಹಸಿಗಾಳಿಯಿಂದ ತೇವ ಹೀರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ನನ್ನ ಅಂದಿನ ಗತಿಯೇ ನಿಮಗೂ.

ಬಿಚ್ಚುವಾಗ ಒಂದು ಗೆರಸಿಯೋ, ಅಗಲದ ತಟ್ಟೆಯೋ ಪಕ್ಕದಲ್ಲಿರಲಿ. ಬಿಳಿ ಬಟ್ಟೆ ಹಾಸಿ, ಬಿಚ್ಚಿದ್ದನ್ನು ಎಡದಿಂದ ಬಲಕ್ಕೆ ಸಾಲಾಗಿ ಇಡಿ. ಜೋಡಿಸುವಾಗ ಬಲದಿಂದ ಎಡಕ್ಕೆ ಬನ್ನಿ. ಈ ಉಪಾಯ ಮಾಸ್ತರರದ್ದಲ್ಲ, ನಮ್ಮ ಅತ್ತೆಯದ್ದು. ಅವರಿಗೀಗ ಎಂಬತ್ತಾರು. ಕಣ್ಣು ಮಂಜಾಗಿದೆ. ಜಗಲಿಯಲ್ಲಿ ಕೂತು ಸದ್ದು ಕೇಳಿಯೇ, "ಪ್ಲಗ್ಗು ನೋಡೇ" ಎನ್ನುತ್ತಾರೆ. ಹೆಚ್ಚಿನ ಸಲ ಅದು ಸರಿಯೇ ಆಗಿರುತ್ತದೆ.